ನಿಮಗಿದು ಗೊತ್ತೇ? ಲಸಿಕೆಗೂ ಒಂದು ಗೂಡುಂಟು!

ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಗೆ ಹೋಗಿದ್ದೀರಾ? ಏಷ್ಯಾದಲ್ಲೇ ದೊಡ್ಡದು ಅನ್ನಿಸಿಕೊಂಡ ಮಾರುಕಟ್ಟೆ ಅದು. ಹೋದರೆ ಒಂದು ಗೂಡು ಕೈಗೆತ್ತಿಕೊಳ್ಳಿ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಏನೋ ಲೊಡಲೊಡ ಅನ್ನುತ್ತದೆ. ಗಟ್ಟಿ ಹೊದಿಕೆಯೊಳಗೆ ಮೆತ್ತನೆಯ ಜೀವವೊಂದು ಬೆಚ್ಚಗೆ ಕೂತಿದೆ! ಈಗ ಆ ಗೂಡನ್ನು ಮೂರು ಲಕ್ಷ ಪಟ್ಟು ಕುಗ್ಗಿಸಿ. ಅಷ್ಟು ಪುಟ್ಟ ಗೂಡುಗಳಲ್ಲಿ ಕೂತೇ ಇವತ್ತು ಕೆಲವು ಲಸಿಕೆಗಳು, ಜೀನ್ ಔಷಧಿಗಳು ನಮ್ಮ ಮೈಯೊಳಗೆ ಪ್ರಯಾಣ ಮಾಡುತ್ತಿವೆ. ಅವುಗಳಿಗೆ ನ್ಯಾನೋ ಕಣ ಅಂತ ಹೆಸರು.

ಎಷ್ಟು ಚಿಕ್ಕದು ಅಂದರೆ? ಚನ್ನಪಟ್ಟಣದ ಬುಗುರಿ ಒಂದನ್ನು ತೆಗೆದುಕೊಳ್ಳಿ, ಐದು ಸೆಂಟಿಮೀಟರಿನದು. ನ್ಯಾನೋ ಕಣವನ್ನು ಆ ಬುಗುರಿಯಷ್ಟು ಹಿಗ್ಗಿಸಿದರೆ ನಿಮ್ಮ ತಲೆಗೂದಲೊಂದರ ದಪ್ಪ ಹನ್ನೆರಡು ಮಹಡಿಯ ಕಟ್ಟಡದಷ್ಟಾಗುತ್ತದೆ. ಆಗ ನೀವು ಎಷ್ಟು ಉದ್ದ? ಬೆಂಗಳೂರಿನಲ್ಲಿ ತಲೆ ಇಟ್ಟು ಮಲಗಿದರೆ ಕಾಲು ಪುಣೆಯಲ್ಲಿ!

ಈ ಗೂಡಿನೊಳಗೆ ಕೂತಿರುವುದು ಪ್ಯೂಪಾ ಅಲ್ಲ, ಒಂದು ಚೀಟಿ. ಅಡುಗೆಯವರ ಕೈಗೆ ಕೊಡುತ್ತೇವಲ್ಲ, ಇಂಥದ್ದು ಇಷ್ಟು ಮಾಡಿ ಅಂತ, ಅಂಥ ಚೀಟಿ. ಅದಕ್ಕೆ ಎಂಆರ್‌ಎನ್‌ಎ ಎನ್ನುತ್ತಾರೆ. ಜೀವಕೋಶ ಅದನ್ನು ಓದಿ, ಬರೆದಿದ್ದ ಪ್ರೋಟೀನನ್ನು ತಾನೇ ತಯಾರಿಸುತ್ತದೆ. ಕೊನೆಗೆ ಚೀಟಿ ಹರಿದು ಹೋಗುತ್ತದೆ. ನಮ್ಮ ಡಿಎನ್‌ಎ ಇರುವ ಕೋಣೆಯ ಬಾಗಿಲನ್ನು ಅದು ತಟ್ಟುವುದೇ ಇಲ್ಲ!

ಫೈಜರ್ ಕೋವಿಡ್ ಲಸಿಕೆಯ ಚೀಟಿಯಲ್ಲಿ 4,284 ಅಕ್ಷರಗಳಿದ್ದವು. ದಾರದಂತಿರುವ ಆ ಚೀಟಿಯನ್ನು ನೇರವಾಗಿ ಎಳೆದರೆ ಅದು ತನ್ನ ಗೂಡಿಗಿಂತ ಹತ್ತು ಪಟ್ಟಿಗೂ ಹೆಚ್ಚು ಉದ್ದ. ಸುತ್ತಿ, ಮಡಚಿ, ತುರುಕಿ ಇಟ್ಟಿರುತ್ತಾರೆ. ದೊಡ್ಡ ಸಾಧನೆ ಅನ್ನುತ್ತೀರಾ? ನಮ್ಮ ರೇಷ್ಮೆಹುಳು ಮೂರು ಸೆಂಟಿಮೀಟರಿನ ಗೂಡಿಗೆ ಸುಮಾರು ಒಂದು ಕಿಲೋಮೀಟರ್ ನೂಲು ಸುತ್ತುತ್ತದೆ! ಈ ಪಂದ್ಯದಲ್ಲಿ ವಿಜ್ಞಾನಿಗಳು ಹುಳುವಿನ ಹತ್ತಿರಕ್ಕೂ ಬಂದಿಲ್ಲ.

ಒಬ್ಬರಿಗೆ ಕೊಡುವ ಆ ಚೀಟಿಯ ತೂಕ ಬರೀ 30 ಮೈಕ್ರೋಗ್ರಾಂ. ಒಂದು ರೇಷ್ಮೆಮೊಟ್ಟೆ ನೋಡಿದ್ದೀರಲ್ಲ, ಸಾಸಿವೆಗಿಂತ ಸಣ್ಣದು? ಆ ಒಂದು ಮೊಟ್ಟೆಯ ತೂಕದ ಎಂಆರ್‌ಎನ್‌ಎಯಲ್ಲಿ ಹದಿನೈದು ಜನರಿಗೆ ಚುಚ್ಚುಮದ್ದು ಕೊಡಬಹುದು!

ಆದರೂ ಆ 30 ಮೈಕ್ರೋಗ್ರಾಂನಲ್ಲಿ ಎಷ್ಟು ಚೀಟಿಗಳಿವೆ? ಲೆಕ್ಕ ಹಾಕಿದರೆ ಹತ್ತು ಲಕ್ಷ ಕೋಟಿಗೂ ಮಿಕ್ಕಿ. ರಾಜ್ಯದ ಬಜೆಟ್ಟನ್ನು ರೂಪಾಯಿಯಲ್ಲಿ ಎಣಿಸಿದರೂ ಅಷ್ಟಾಗುವುದಿಲ್ಲ!

ಗೂಡು ಮಾತ್ರ ರೇಷ್ಮೆಯದಲ್ಲ, ಕೊಬ್ಬಿನದು. ಒಂದಲ್ಲ, ನಾಲ್ಕು ಬಗೆಯ ಕೊಬ್ಬು. ಮೊದಲನೆಯದು ಕೊಲೆಸ್ಟರಾಲ್. ಹೌದು, ಡಾಕ್ಟರು ನಮ್ಮನ್ನು ಬೈಯುವುದಕ್ಕೆ ಕಾರಣವಾದ ಅದೇ ಕೊಲೆಸ್ಟರಾಲ್! ಇಲ್ಲಿ ಅದು ಗಾರೆಯ ಹಾಗೆ ಸಂದು ತುಂಬಿ ಗೋಡೆಯನ್ನು ಬಿಗಿಗೊಳಿಸುತ್ತದೆ. ಎರಡನೆಯ ಕೊಬ್ಬಿಗೆ ಪಿಇಜಿ ಅನ್ನುವ ಬಾಲ ಅಂಟಿಸಿರುತ್ತಾರೆ. ಪಿಇಜಿ ಟೂತ್‌ಪೇಸ್ಟಿನಲ್ಲೂ ಇರುತ್ತದೆ, ಮಲಬದ್ಧತೆಯ ಔಷಧಿಯಲ್ಲೂ ಇರುತ್ತದೆ. ಮೂರನೆಯದು ನಮ್ಮ ಜೀವಕೋಶಗಳ ಗೋಡೆಯಲ್ಲೇ ಇರುವಂಥ ಸಾಧಾರಣ ಕೊಬ್ಬು. ನಾಲ್ಕನೆಯದೇ ಕಿಲಾಡಿ. ಸ್ವಲ್ಪ ತಾಳಿ, ಅದಕ್ಕೆ ಬರುತ್ತೇನೆ.

ಈ ಗೂಡನ್ನು ಕಟ್ಟುವವರು ಯಾರು? ಯಾರೂ ಇಲ್ಲ! ಕನಕಪುರದ ಆಚೆ ಸಂಗಮಕ್ಕೆ ಹೋದವರಿಗೆ ಗೊತ್ತು, ರಾಮನಗರದ ಮಗ್ಗುಲಲ್ಲಿ ಹರಿದು ಬಂದ ಅರ್ಕಾವತಿ ಅಲ್ಲಿ ಕಾವೇರಿಯನ್ನು ಸೇರುತ್ತದೆ. ಲಸಿಕೆ ಕಾರ್ಖಾನೆಯಲ್ಲೂ ಒಂದು ಸಂಗಮವಿದೆ. ಒಂದು ಕಡೆಯಿಂದ ಆಲ್ಕೋಹಾಲಿನಲ್ಲಿ ಕರಗಿದ ಕೊಬ್ಬು. ಇನ್ನೊಂದು ಕಡೆಯಿಂದ ಹುಳಿನೀರಿನಲ್ಲಿ ತೇಲುವ ಎಂಆರ್‌ಎನ್‌ಎ. ಎರಡು ಧಾರೆಗಳೂ ರಭಸದಿಂದ ಡಿಕ್ಕಿ ಹೊಡೆಯುತ್ತವೆ. ಕಣ್ಣು ರೆಪ್ಪೆ ಮಿಟುಕಿಸುವುದರೊಳಗೆ ಕೊಬ್ಬು ತಾನಾಗಿಯೇ ದಾರದ ಸುತ್ತ ಗೂಡಾಗಿ ಕೂಡಿಕೊಳ್ಳುತ್ತದೆ! ಸಾರಿನ ಮೇಲೆ ಒಗ್ಗರಣೆ ಎಣ್ಣೆ ತಾನೇ ದುಂಡಗೆ ಕೂಡಿಕೊಳ್ಳುತ್ತದಲ್ಲ, ಆ ಸ್ವಭಾವವೇ ಇಲ್ಲೂ ಕೆಲಸ ಮಾಡುವುದು.

ಆ ಡಿಕ್ಕಿ ನಡೆಯುವ ಯಂತ್ರ ಎಷ್ಟು ದೊಡ್ಡದು? ಒಂದು ನಾಣ್ಯದಷ್ಟು! ದೊಡ್ಡದು ಮಾಡಿದರೆ ಗೂಡು ಕೆಡುತ್ತದೆಂದು ಫೈಜರಿನವರು ಅಂಥ ಪುಟ್ಟ ಯಂತ್ರಗಳನ್ನೇ ಸಾಲಾಗಿ ಜೋಡಿಸಿಕೊಂಡರು.

ಈಗ ಆ ನಾಲ್ಕನೆಯ ಕೊಬ್ಬು. ಹುಳಿಯಲ್ಲಿ ಅದಕ್ಕೆ ಧನ ವಿದ್ಯುತ್ತು ಏರುತ್ತದೆ. ಎಂಆರ್‌ಎನ್‌ಎಗೆ ಹುಟ್ಟಿನಿಂದಲೇ ಋಣ ವಿದ್ಯುತ್ತು. ಎರಡೂ ಗಪ್ಪನೆ ಅಂಟಿಕೊಳ್ಳುತ್ತವೆ. ರಕ್ತಕ್ಕೆ ಬಂದ ಮೇಲೆ ಅಲ್ಲಿ ಹುಳಿಯಿಲ್ಲ. ಕೊಬ್ಬು ಸಾಧುವಾಗುತ್ತದೆ, ಯಾರ ತಂಟೆಗೂ ಹೋಗುವುದಿಲ್ಲ. ಜೀವಕೋಶ ಬಂದು ಇಡೀ ಗೂಡನ್ನು ನುಂಗಿ ಒಂದು ಚೀಲದೊಳಗೆ ಹಾಕಿಕೊಳ್ಳುತ್ತದೆ. ಅರಗಿಸಿಕೊಳ್ಳೋಣ ಅಂತ ಆ ಚೀಲಕ್ಕೆ ಹುಳಿ ಬಿಡುತ್ತದೆ. ಅದೇ ತಪ್ಪು! ಹುಳಿ ತಗುಲಿದ್ದೇ ತಡ, ಸಾಧು ಕೊಬ್ಬಿಗೆ ಮತ್ತೆ ಆವೇಶ ಬಂದು ಚೀಲದ ಗೋಡೆಯನ್ನೇ ಹರಿದುಹಾಕುತ್ತದೆ. ಚೀಟಿ ಹೊರಕ್ಕೆ ಜಾರುತ್ತದೆ. ತಿನ್ನಲು ಹೊರಟವನ ಹೊಟ್ಟೆಯ ಹುಳಿಯೇ ಬೀಗದ ಕೈ!

ಅಷ್ಟಾದರೂ ಎಷ್ಟು ಪಾರಾಗುತ್ತವೆ ಗೊತ್ತೇ? ಅಂಥ ಆರ್‌ಎನ್‌ಎ ಕಣಗಳ ಜಾಡು ಹಿಡಿದ 2013ರ ಒಂದು ಅಧ್ಯಯನದಲ್ಲಿ ನೂರಕ್ಕೆ ಒಂದೋ ಎರಡೋ! ಉಳಿದದ್ದೆಲ್ಲ ಚೀಲದೊಳಗೇ ಜೀರ್ಣ. ಅಷ್ಟರಲ್ಲೇ ಕೆಲಸ ಆಗಿಬಿಡುತ್ತದೆ.

ಜಾಗ ನೋಡಿ ಬಿಚ್ಚಿಕೊಳ್ಳುವ ಈ ಹೊದಿಕೆಯ ಕಲೆ ಚನ್ನಪಟ್ಟಣಕ್ಕೆ ಹೊಸದೇನಲ್ಲ. ಅಲ್ಲಿನ ಬೊಂಬೆಗಳ ಹೊಳಪು ಅರಗಿನದು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅದು ಕರಗಿ ಮೆತ್ತಿಕೊಳ್ಳುತ್ತದೆ. ಈ ಅರಗು ಒಂದು ಪುಟ್ಟ ಕೀಟ ಕೊಟ್ಟದ್ದು. ಅದೇ ಅರಗನ್ನು ಶುದ್ಧ ಮಾಡಿ ಮಾತ್ರೆಗಳಿಗೂ ಬಳಿಯುತ್ತಾರೆ! ಜಠರದ ಹುಳಿಯಲ್ಲಿ ಅರಗು ಕರಗುವುದಿಲ್ಲ. ಕರುಳಿಗೆ ಇಳಿದು ಹುಳಿ ತಗ್ಗಿದ ಮೇಲೆ ಕರಗುತ್ತದೆ. ಮಾತ್ರೆ ಬೇಕಾದ ಜಾಗದಲ್ಲಿ ಬಿಚ್ಚಿಕೊಳ್ಳುತ್ತದೆ. ಕೊಬ್ಬಿನ ಗೂಡು ಹುಳಿಗೆ ತೆರೆದರೆ ಅರಗಿನ ಗೂಡು ಹುಳಿಗೆ ಮುಚ್ಚಿರುತ್ತದೆ. ಬೀಗ ತಿರುವು ಮುರುವು! (ಪಾಂಡವರ ಅರಗಿನ ಮನೆಗೆ ಬೀಗದ ಕೈ ಬೆಂಕಿ ಅಂದುಕೊಂಡಿದ್ದ ದುರ್ಯೋಧನ. ಅದು ಬೇರೆ ಕಥೆ.)

ಅಂಗಡಿಯ ಚಾಕೊಲೇಟ್ ಗುಂಡುಗಳು ಮಿರಮಿರ ಹೊಳೆಯುತ್ತವಲ್ಲ? ಎಷ್ಟೋ ಸಲ ಅದೂ ಅರಗೇ! ಪೊಟ್ಟಣದ ಹಿಂದೆ 904 ಅನ್ನುವ ಅಂಕೆ ಹುಡುಕಿ.

ರೇಷ್ಮೆಗೂಡಿಗೂ ಬೀಗವುಂಟು. ಎಳೆಗಳನ್ನು ಹಿಡಿದಿಟ್ಟ ಅಂಟಿನ ಹೆಸರು ಸೆರಿಸಿನ್. ನೂಲು ತೆಗೆಯುವವರು ಗೂಡನ್ನು ಬೇಯಿಸಿ ಅಂಟನ್ನು ಸಡಿಲಿಸುತ್ತಾರೆ. ಒಳಗಿನ ಚಿಟ್ಟೆಗೆ ಬಿಸಿನೀರು ಎಲ್ಲಿ ಸಿಗಬೇಕು? ಅದು ಬಾಯಿಂದ ಒಂದು ರಸ ಬಿಡುತ್ತದೆ. ಆ ಅಂಟನ್ನು ಮಾತ್ರ ಕರಗಿಸುವ ಕಿಣ್ವ ಅದರಲ್ಲಿದೆ. ಬೀಗದ ಕೈಯನ್ನು ಒಳಗಿಟ್ಟುಕೊಂಡೇ ಹುಳು ಮನೆ ಕಟ್ಟಿತ್ತು!

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ. ಹುಳು ಸಾಕುವವರ ಮುಂದೆ ಹಾಲುತೊಂಡೆ ರೋಗ ಅನ್ನಿ, ಮುಖ ಬಾಡುತ್ತದೆ. ಹುಳು ಊದಿಕೊಂಡು, ತಟ್ಟೆಯ ಅಂಚಿನಲ್ಲೆಲ್ಲ ನೆಲೆಯಿಲ್ಲದೆ ಹರಿದಾಡಿ, ಚರ್ಮ ಒಡೆದು ಹಾಲಿನಂಥ ರಸ ಸುರಿಸಿ ಸಾಯುತ್ತದೆ. ನಾಲ್ಕು ಜ್ವರ ದಾಟಿ (ಅಂದರೆ ನಾಲ್ಕು ಸಲ ಪೊರೆ ಕಳಚಿ), ಇನ್ನೇನು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಹತ್ತಬೇಕು ಅನ್ನುವಾಗ ಬಂದರಂತೂ ಬೆಳೆಯೇ ಹೋಯಿತು. ಆ ಬಿಳಿ ರಸ ಏನು? ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಟಿಗಟ್ಟಲೆ ಹರಳುಗಳು. ಒಂದೊಂದಕ್ಕೂ ಹಲವು ಮುಖ, ಚೂಪು ಮೂಲೆ. ಒಂದೊಂದರೊಳಗೂ ಹತ್ತಾರು ವೈರಸ್‌ಗಳು ಪೊಟ್ಟಣ ಕಟ್ಟಿದ ಹಾಗೆ ಕೂತಿವೆ! ಹಾಲುತೊಂಡೆ ಅಂದರೆ ಹಾಲಲ್ಲ, ಡಬ್ಬಿಗಳ ರಾಶಿ.

ಆ ಡಬ್ಬಿ ಎಂಥ ಗಟ್ಟಿ! ಹುಳು ಸತ್ತು ಮಣ್ಣಾದರೂ ಡಬ್ಬಿ ಕೆಡುವುದಿಲ್ಲ. ಮಣ್ಣಿನಲ್ಲಿ, ಹುಳುಮನೆಯ ಮೂಲೆಯಲ್ಲಿ ವರ್ಷಗಟ್ಟಲೆ ಕಾದು ಕೂರುತ್ತದೆ. ಬೆಳೆ ಮುಗಿದ ಕೂಡಲೇ ರೈತರು ಸುಣ್ಣ, ಬ್ಲೀಚಿಂಗ್ ಪುಡಿ ಹಿಡಿದು ಹುಳುಮನೆ ತೊಳೆಯುವುದು ಸುಮ್ಮನೆ ಅಲ್ಲ.

ಹಾಗಾದರೆ ಅದು ತೆರೆಯುವುದು ಎಲ್ಲಿ? ಎಲೆಯ ಜೊತೆ ಹುಳುವಿನ ಹೊಟ್ಟೆಗೆ ಹೋದಾಗ! ನಮ್ಮ ಹೊಟ್ಟೆಯಲ್ಲಿ ಹುಳಿ. ರೇಷ್ಮೆಹುಳುವಿನ ಕರುಳಿನಲ್ಲಿ ಅದಕ್ಕೆ ತದ್ವಿರುದ್ಧ, ಸೋಪಿನ ನೀರಿನಷ್ಟು ಕ್ಷಾರ. ಆ ಕ್ಷಾರ ತಗುಲಿದರೆ ಸಾಕು, ಗಟ್ಟಿ ಡಬ್ಬಿ ಕರಗಿ ವೈರಸ್‌ಗಳು ಹೊರಬಿದ್ದು ತಮ್ಮ ಜೀನ್‌ಗಳನ್ನು ಹುಳುವಿನ ಕೋಶಗಳಿಗೆ ಸಾಗಿಸುತ್ತವೆ. ಹೊದಿಸುವುದು, ಕಾಯುವುದು, ಸರಿಯಾದ ಜಾಗದಲ್ಲಿ ಬಿಚ್ಚಿಕೊಳ್ಳುವುದು: ನ್ಯಾನೋ ವಿಜ್ಞಾನಿಗಳು ದಶಕಗಟ್ಟಲೆ ತಲೆ ಕೆಡಿಸಿಕೊಂಡ ಮೂರೂ ಕೆಲಸ ಹಾಲುತೊಂಡೆಗೆ ಮೊದಲೇ ಬರುತ್ತಿತ್ತು!

ಹೆದರಬೇಡಿ, ಈ ವೈರಸ್ ಮನುಷ್ಯರ ಮೈಯಲ್ಲಿ ಬೆಳೆಯುವುದಿಲ್ಲ. ಅದೇ ಅದರ ದೊಡ್ಡ ಗುಣ.

ಆ ಗುಣ ಕಂಡ ಜಪಾನಿನ ವಿಜ್ಞಾನಿಗಳು 1985ರಲ್ಲಿ ಒಂದು ತಮಾಷೆ ಮಾಡಿದರು. ಡಬ್ಬಿ ಕಟ್ಟುವ ಜೀನ್ ತೆಗೆದು, ಅಲ್ಲಿ ಮನುಷ್ಯರ ಇಂಟರ್‌ಫೆರಾನ್ ಜೀನ್ ಇಟ್ಟು, ಆ ವೈರಸ್ಸನ್ನು ಹುಳುಗಳಿಗೆ ಚುಚ್ಚಿದರು. ಹುಳುವಿನ ರಕ್ತದ ತುಂಬ ಮನುಷ್ಯರ ಔಷಧಿ! ಮುಂದೆ ಅದೇ ದಾರಿಯಲ್ಲಿ ಬೆಕ್ಕುಗಳಿಗೆಂದು ಒಂದು ಇಂಟರ್‌ಫೆರಾನ್ ತಯಾರಾಗಿ ಮಾರುಕಟ್ಟೆಗೂ ಬಂತು. ಹುಳು ಮಾಡಿಕೊಟ್ಟದ್ದು, ಬೆಕ್ಕಿಗೆ ಕೊಟ್ಟದ್ದು!

ನಮ್ಮವರೇನು ಕಡಿಮೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಪಿ. ಗೋಪಿನಾಥನ್ ಅವರ ತಂಡ 1990ರ ದಶಕದಲ್ಲಿ ಹಾಲುತೊಂಡೆಯ ವೈರಸ್ಸನ್ನೇ ಗಾಡಿ ಮಾಡಿಕೊಂಡು ರೇಷ್ಮೆಹುಳುವಿನೊಳಗೆ ಮನುಷ್ಯರ ಬೆಳವಣಿಗೆಯ ಹಾರ್ಮೋನ್ ತಯಾರಿಸಿತು. ಮಿಂಚುಹುಳದ ಬೆಳಕಿನ ಕಿಣ್ವವನ್ನೂ ಮಾಡಿಸಿತು! ಮಿಂಚುಹುಳದ ಜೀನ್, ಹಾಲುತೊಂಡೆಯ ಗಾಡಿ, ರೇಷ್ಮೆಹುಳುವಿನ ಕಾರ್ಖಾನೆ. ಓದಿದಾಗ ನಾನು ಎರಡು ಸಲ ಕಣ್ಣುಜ್ಜಿಕೊಂಡೆ.

ಇನ್ನೂ ಒಂದಿದೆ. ಫಾಲ್ ಸೈನಿಕ ಹುಳು ನೆನಪಿದೆಯೇ? ಮುಸುಕಿನ ಜೋಳ ತಿಂದು ತೇಗಿದ ಆ ಹುಳು ಭಾರತದಲ್ಲಿ ಮೊದಲು ಕಾಣಿಸಿಕೊಂಡದ್ದೇ ನಮ್ಮ ಶಿವಮೊಗ್ಗದಲ್ಲಿ, 2018ರಲ್ಲಿ. ಕೋವೋವ್ಯಾಕ್ಸ್ ಅನ್ನುವ ಕೋವಿಡ್ ಲಸಿಕೆಯ ಪ್ರೋಟೀನ್ ಬೆಳೆದದ್ದು ಆ ಜಾತಿಯ ಹುಳುವಿನಿಂದ ಪಡೆದ ಜೀವಕೋಶಗಳಲ್ಲೇ! ಜೀನ್ ಸಾಗಿಸಿದ್ದು ಹಾಲುತೊಂಡೆಯ ವೈರಸ್ಸಿನ ದಾಯಾದಿ. ಹೊಲದಲ್ಲಿ ಶತ್ರು, ಸೀಸೆಯಲ್ಲಿ ಮಿತ್ರ. 2021ರ ಡಿಸೆಂಬರಿನಲ್ಲಿ ಅದಕ್ಕೆ ಭಾರತದಲ್ಲಿ ಅನುಮತಿ ಸಿಕ್ಕಿತು. ಆ ಪ್ರೋಟೀನ್‌ಗಳು ಒಂದು ತಿರುಳಿನ ಸುತ್ತ ಕೂಡಿಕೊಂಡು ಹೂಗೊಂಚಲಿನಂತೆ ನಿಲ್ಲುತ್ತವೆ. ಅದೂ ನ್ಯಾನೋ ಕಣವೇ!

ನನಗೂ ಇದಕ್ಕೂ ಸಂಬಂಧವಿಲ್ಲ, ನಾನು ಕೋವಿಶೀಲ್ಡ್ ಹಾಕಿಸಿಕೊಂಡವನು ಅನ್ನುತ್ತೀರಾ? ಮನೆಯಲ್ಲಿ ಮಗು ಇದೆಯೇ? ಹುಟ್ಟಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಹಾಕುವ ಹೆಪಟೈಟಿಸ್ ಬಿ ಲಸಿಕೆಯಲ್ಲಿರುವುದು ಸುಮಾರು 22 ನ್ಯಾನೋಮೀಟರಿನ ಕಣಗಳು. ನೋಡಲು ವೈರಸ್ಸಿನ ಹೊರಗವಸು, ಒಳಗೆ ವೈರಸ್ ಇಲ್ಲ. ಮಾಡಿಕೊಡುವುದು ಯೀಸ್ಟ್, ಬ್ರೆಡ್ ಉಬ್ಬಿಸುತ್ತದಲ್ಲ, ಅದರ ಬಳಗ!

2021ರಲ್ಲಿ ಕಪ್ಪು ಶಿಲೀಂಧ್ರ ರೋಗ ಬಂದಾಗ ಜನ ಒಂದು ಇಂಜೆಕ್ಷನ್ನಿಗಾಗಿ ಊರೂರು ಅಲೆದರು. ಲಿಪೋಸೋಮಲ್ ಆಂಫೋಟೆರಿಸಿನ್. ಆಂಫೋಟೆರಿಸಿನ್ ಹಳೆಯ ಔಷಧಿ, ಹಾಗೇ ಕೊಟ್ಟರೆ ಮೂತ್ರಪಿಂಡಕ್ಕೆ ಬಹಳ ಪೆಟ್ಟು. ಲಿಪೋಸೋಮಲ್ ಅಂದರೆ ಕೊಬ್ಬಿನ ಗುಳ್ಳೆಯೊಳಗೆ ಕೂರಿಸಿದ್ದು. ಜನ ಪರದಾಡಿದ್ದು ಔಷಧಿಗಲ್ಲ, ಅದರ ಗೂಡಿಗೆ!

ಆ ಗುಳ್ಳೆಯನ್ನು ಮೊದಲು ಕಂಡದ್ದು 1960ರ ದಶಕದಲ್ಲಿ, ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್. ಅವರು ಔಷಧಿ ಹುಡುಕುತ್ತಲೇ ಇರಲಿಲ್ಲ. ಹೊಸ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದಿತ್ತು, ಕೊಬ್ಬು ಹಾಕಿ ನೋಡಿದರು. ಗುಳ್ಳೆಯೊಳಗೆ ಗುಳ್ಳೆ, ಈರುಳ್ಳಿಯ ಹಾಗೆ! ಗೆಳೆಯರು ತಮಾಷೆಗೆ ಬ್ಯಾಂಗೋಸೋಮ್ ಅಂತಲೇ ಕರೆಯುತ್ತಿದ್ದರಂತೆ.

ಜೀನಿನ ಬಾಯಿ ಮುಚ್ಚಿಸುವ ಆರ್‌ಎನ್‌ಎ ಔಷಧಿಯೊಂದು ಕೊಬ್ಬಿನ ಗೂಡಿನಲ್ಲಿ ಕೂತು ಮೊದಲ ಸಲ ಅನುಮತಿ ಪಡೆದದ್ದು 2018ರಲ್ಲಿ. ನರಗಳನ್ನು ಹಾಳುಮಾಡುವ ಅಪರೂಪದ ವಂಶವಾಹಿ ಕಾಯಿಲೆಗೆ. ಗೂಡಿನ ಹಿಂದೆ ಇದ್ದವರು ಕೆನಡಾದ ವ್ಯಾಂಕೂವರಿನ ಪೀಟರ್ ಕಲ್ಲಿಸ್. ಎರಡೇ ವರ್ಷಕ್ಕೆ ಕೋವಿಡ್ ಬಂತು, ಗೂಡು ಸಿದ್ಧವಾಗಿತ್ತು!

ಚೀಟಿ ಬರೆಯುವುದು ಕಲಿಸಿಕೊಟ್ಟ ಕತಲಿನ್ ಕರಿಕೋ ಅವರ ಕಥೆ ಸಿನಿಮಾದಂತಿದೆ. 1985ರಲ್ಲಿ ಹಂಗೇರಿ ಬಿಟ್ಟು ಅಮೆರಿಕಕ್ಕೆ ಹೊರಟಾಗ ಹಣ ಒಯ್ಯುವಂತಿರಲಿಲ್ಲ. ಕಾರು ಮಾರಿ ಬಂದ 900 ಪೌಂಡನ್ನು ಎರಡು ವರ್ಷದ ಮಗಳ ಕರಡಿ ಬೊಂಬೆಯೊಳಗೆ ಹೊಲಿದಿಟ್ಟರು. ಇಲ್ಲೂ ನೋಡಿ, ಹೊದಿಕೆಯೊಳಗೆ ಬೆಲೆಬಾಳುವ ಸರಕು! ಜೊತೆಗಾರ ಡ್ರೂ ವೈಸ್‌ಮನ್ ಅವರ ಪರಿಚಯವಾದದ್ದು ಜೆರಾಕ್ಸ್ ಯಂತ್ರದ ಮುಂದೆ. 2023ರಲ್ಲಿ ಇಬ್ಬರಿಗೂ ನೊಬೆಲ್. ಅಷ್ಟು ಹೊತ್ತಿಗೆ ಆ ಕರಡಿ ಬೊಂಬೆಯ ಮಗಳು ದೋಣಿ ಹುಟ್ಟುಹಾಕುವುದರಲ್ಲಿ ಎರಡು ಒಲಿಂಪಿಕ್ ಚಿನ್ನ ಗೆದ್ದಾಗಿತ್ತು, ಅಮ್ಮನಿಗಿಂತ ಮೊದಲೇ!

ರಕ್ತಕ್ಕೆ ಬಿಟ್ಟ ಕೊಬ್ಬಿನ ಗೂಡುಗಳು ಹೆಚ್ಚಾಗಿ ಹೋಗುವುದು ಎಲ್ಲಿಗೆ? ಯಕೃತ್ತಿಗೆ. ಯಾರೂ ವಿಳಾಸ ಬರೆದಿರುವುದಿಲ್ಲ! ರಕ್ತದಲ್ಲಿ ಕೊಬ್ಬು ಸಾಗಿಸುವ ಒಂದು ಪ್ರೋಟೀನ್ ಬಂದು ಗೂಡಿಗೆ ಅಂಟಿಕೊಳ್ಳುತ್ತದೆ. ಯಕೃತ್ತು ಅದನ್ನು ಕಂಡು, ನಮ್ಮ ಮನೆಯ ಸರಕೇ ಬಂತು ಅಂತ ಒಳಗೆ ಕರೆದುಕೊಳ್ಳುತ್ತದೆ. ಐದನೆಯ ಬಗೆಯ ಕೊಬ್ಬು ಬೆರೆಸಿದರೆ ಅದೇ ಗೂಡು ಶ್ವಾಸಕೋಶಕ್ಕೋ ಗುಲ್ಮಕ್ಕೋ ಹೋಗುವಂತೆ ಮಾಡಬಹುದು ಅನ್ನುವುದನ್ನು ಅಮೆರಿಕದ ಟೆಕ್ಸಸ್‌ನ ಸಂಶೋಧಕರು 2020ರಲ್ಲಿ ಇಲಿಗಳಲ್ಲಿ ತೋರಿಸಿದರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶಂತನು ಭಟ್ಟಾಚಾರ್ಯ ಅವರ ತಂಡ ಕೋವಿಡ್‌ಗೆ ಎಷ್ಟೋ ಮೊದಲೇ ಜೀನ್ ಸಾಗಿಸುವ ಕೊಬ್ಬುಗಳನ್ನು ಮಾಡುತ್ತಿತ್ತು. ಅವುಗಳಲ್ಲಿ ಕೆಲವಕ್ಕೆ ಎರಡು ತಲೆ, ಎರಡು ಬಾಲ. ಅವಳಿ ಕೊಬ್ಬು!

ಒಂದೇ ಒಂದು ಮಗುವಿಗಾಗಿ ಒಂದು ಔಷಧಿ ತಯಾರಾಯಿತೆಂದರೆ ನಂಬುತ್ತೀರಾ? ಅಮೆರಿಕದ ಫಿಲಡೆಲ್ಫಿಯಾದಲ್ಲಿ 2024ರಲ್ಲಿ ಹುಟ್ಟಿದ ಕೂಸದು. ಯಕೃತ್ತಿನ ಒಂದು ಜೀನಿನಲ್ಲಿ ತಪ್ಪು. ಮೈಯಲ್ಲಿ ಅಮೋನಿಯಾ ತುಂಬಿಕೊಳ್ಳುತ್ತಿತ್ತು. ಆ ತಪ್ಪನ್ನು ತಿದ್ದುವ ಔಷಧಿಯನ್ನು ಆರೇ ತಿಂಗಳಲ್ಲಿ ರೂಪಿಸಿ, ಕೊಬ್ಬಿನ ಗೂಡಿನಲ್ಲಿ ಕೂರಿಸಿ, 2025ರ ಫೆಬ್ರುವರಿಯಲ್ಲಿ ಮೊದಲ ಡೋಸ್ ಕೊಟ್ಟರು. ಯಕೃತ್ತಿಗೆ ಹೋಗುವ ಗೂಡಿನ ಚಾಳಿ ಇಲ್ಲಿ ವರವಾಯಿತು!

ಗೂಡಿನ ದೊಡ್ಡ ತಲೆನೋವು ಬಿಸಿಲು. ಫೈಜರ್ ಲಸಿಕೆಗೆ ಮೊದಮೊದಲು ಮೈನಸ್ 70 ಡಿಗ್ರಿ ಚಳಿ ಬೇಕಿತ್ತು. ಪುಣೆಯ ಜೆನ್ನೋವಾದವರು 2022ರಲ್ಲಿ ಅನುಮತಿ ಪಡೆದ ದೇಶದ ಮೊದಲ ಎಂಆರ್‌ಎನ್‌ಎ ಲಸಿಕೆಯನ್ನು ಪುಡಿ ಮಾಡಿಬಿಟ್ಟರು! ಸಾಮಾನ್ಯ ಫ್ರಿಜ್ಜಿನ 2ರಿಂದ 8 ಡಿಗ್ರಿಯಲ್ಲೇ ಇಡಬಹುದು.

ಫ್ರಿಜ್ಜೇ ಇಲ್ಲದ ಕಾಲದಲ್ಲಿ? ಆಗ ಲಸಿಕೆಯ ಗೂಡು ಮಕ್ಕಳ ತೋಳು! ಸಿಡುಬಿನ ಲಸಿಕೆ ಒಂದು ಮಗುವಿನ ತೋಳಿನ ಗುಳ್ಳೆಯಿಂದ ಇನ್ನೊಂದರ ತೋಳಿಗೆ ದಾಟುತ್ತ ದಾಟುತ್ತ ಬಾಗ್ದಾದ್, ಬಸ್ರಾ ಹಾದು ಮುಂಬಯಿಗೆ ಬಂತು. 1802ರ ಜೂನ್ 14ರಂದು ಭಾರತದಲ್ಲಿ ಮೊದಲು ಅದನ್ನು ಪಡೆದದ್ದು ಆನಾ ಡಸ್ಟ್‌ಹಾಲ್ ಅನ್ನುವ ಮೂರು ವರ್ಷದ ಹುಡುಗಿ. ಮೈಸೂರಿನ ರಾಣಿಯರ 1805ರ ಹೊತ್ತಿನ ಚಿತ್ರವೊಂದಿದೆ, ಥಾಮಸ್ ಹಿಕಿ ಬರೆದದ್ದು. ಅದರಲ್ಲಿ ರಾಣಿಯೊಬ್ಬರು ಸೆರಗನ್ನು ಸ್ವಲ್ಪ ಸರಿಸಿ ತೋಳು ತೋರಿಸುತ್ತಿದ್ದಾರೆ. ಲಸಿಕೆ ಹಾಕಿಸಿಕೊಂಡ ಜಾಗವನ್ನೇ ತೋರಿಸುತ್ತಿದ್ದಾರೆ ಅನ್ನುವುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದ. ರಾಜಮನೆತನದ ಲಸಿಕೆ ಜಾಹೀರಾತು!

ಬಿಸಿಲಿಗೆ ಮದ್ದು ಎಲ್ಲಿದೆ? ನಮ್ಮ ರೇಷ್ಮೆಯಲ್ಲೇ ಇರಬಹುದು! ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು ರೇಷ್ಮೆಗೂಡಿನ ಅಂಟು ತೆಗೆದು, ನೂಲನ್ನು ಉಪ್ಪಿನ ದ್ರಾವಣದಲ್ಲಿ ಕರಗಿಸಿ, ದಡಾರ-ಮಂಗನಬಾವು-ರುಬೆಲ್ಲಾ ಲಸಿಕೆಯನ್ನು ಅದರ ತೆಳು ಹಾಳೆಯೊಳಗೆ ಕೂರಿಸಿದರು. 45 ಡಿಗ್ರಿ ಬಿಸಿಯಲ್ಲಿ ಆರು ತಿಂಗಳು ಇಟ್ಟರು. ಶಕ್ತಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಉಳಿದಿತ್ತು! 2012ರ ಮಾತು. ನಮ್ಮ ಏಪ್ರಿಲ್ ಬಿಸಿಲೂ ಅಷ್ಟಿಲ್ಲ.

ರೇಷ್ಮೆಯಿಂದಲೇ ನ್ಯಾನೋ ಕಣ? ಅದೂ ಆಗಿದೆ. ಐಐಟಿ ಖರಗ್‌ಪುರದ ಸುಭಾಷ್ ಕುಂಡು ಅವರ ತಂಡ 2010ರಲ್ಲಿ ರೇಷ್ಮೆ ಪ್ರೋಟೀನನ್ನು ದುಂಡು ಕಣಗಳಾಗಿ ಮಾಡಿ, ಜೀವಕೋಶಗಳು ಅವನ್ನು ಒಳಗೆ ಎಳೆದುಕೊಳ್ಳುವುದನ್ನು ತೋರಿಸಿತು. ಬೆಂಗಳೂರಿನ ಫೈಬ್ರೋಹೀಲ್ ಅನ್ನುವ ಕಂಪನಿ ರೇಷ್ಮೆ ಪ್ರೋಟೀನಿನ ಗಾಯದ ಪಟ್ಟಿಗಳನ್ನೇ ಮಾರುತ್ತದೆ. ಸೀರೆಯಾಗದ ರೇಷ್ಮೆ!

ಕನಕಪುರದ ಹಿಪ್ಪುನೇರಳೆ ತೋಟಗಳನ್ನು ಮರೆತೆ ಅಂದುಕೊಂಡಿರಾ? ಕೀಟಗಳಿಗೆ ಕೊಲೆಸ್ಟರಾಲ್ ಮಾಡಿಕೊಳ್ಳಲು ಬರುವುದಿಲ್ಲ. ರೇಷ್ಮೆಹುಳು ಎಲೆಯಲ್ಲಿರುವ ಬೀಟಾ-ಸಿಟೊಸ್ಟೆರಾಲ್ ತಿಂದು ಅದನ್ನೇ ಕೊಲೆಸ್ಟರಾಲ್ ಮಾಡಿಕೊಳ್ಳುತ್ತದೆ. ಆ ಎಲೆಯನ್ನು ಕಚ್ಚು ಅಂತ ಹುಳುವಿಗೆ ಹೇಳುವ ವಸ್ತುಗಳಲ್ಲೂ ಅದು ಒಂದು! ಅಮೆರಿಕದ ಆರೆಗನ್‌ನಲ್ಲಿ ಗೌರವ್ ಸಹಾಯ್ ಅವರ ತಂಡ 2020ರಲ್ಲಿ ನ್ಯಾನೋ ಗೂಡಿನ ಕೊಲೆಸ್ಟರಾಲ್ ತೆಗೆದು ಇದನ್ನು ಹಾಕಿ ನೋಡಿತು. ಎಂಆರ್‌ಎನ್‌ಎ ಸಾಗಣೆ ಜೋರಾಯಿತು. ಜೊತೆಗೆ ಇನ್ನೊಂದು ವಿಚಿತ್ರ. ದುಂಡಗಿದ್ದ ಗೂಡಿಗೆ ಹಲವು ಮುಖ, ಮೂಲೆಗಳು ಮೂಡಿದವು. ಥೇಟ್ ಹಾಲುತೊಂಡೆಯ ಡಬ್ಬಿ!

ಕೊನೆಗೆ ಮಾಗಡಿ. ಮಾಗಡಿ, ಸೋಲೂರು, ಕುದೂರಿನ ಕಡೆಯದು ಬಿತ್ತನೆ ಪ್ರದೇಶ. ಹಸಿರು-ಹಳದಿ ಬಣ್ಣದ ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುವ ನೆಲ. ಈ ಗೂಡಿನ ಚಿಟ್ಟೆ ಮೊಟ್ಟೆ ಇಟ್ಟ ಮೇಲೆ ಬಿತ್ತನೆ ಕೋಠಿಯಲ್ಲಿ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಗಂಟು ರೋಗದ ಬೀಜಾಣು ಕಂಡರೆ ಮೊಟ್ಟೆಗಳೆಲ್ಲ ಬೆಂಕಿಗೆ. ಕಾಣದಿದ್ದರೆ ಅದು ಡಿಎಫ್‌ಎಲ್, ರೋಗರಹಿತ ಮೊಟ್ಟೆ. ಈ ಪರೀಕ್ಷೆ ಕಂಡುಹಿಡಿದವರು ಯಾರು ಗೊತ್ತೇ? ಲೂಯಿ ಪಾಶ್ಚರ್! ಹುಚ್ಚುನಾಯಿ ಲಸಿಕೆಯ ಅದೇ ಪಾಶ್ಚರ್.

1865ರಲ್ಲಿ ಫ್ರಾನ್ಸಿನ ಹುಳುಗಳೆಲ್ಲ ಸಾಯುತ್ತಿದ್ದಾಗ ಸರ್ಕಾರ ಅವರನ್ನು ಕಳುಹಿಸಿತು. ಅವರು ರಸಾಯನ ವಿಜ್ಞಾನಿ. ಹುಳುವಿನ ಗಂಧಗಾಳಿಯೂ ಇರಲಿಲ್ಲ. ದಾರಿಯಲ್ಲಿ ಕೀಟಗಳ ಪಂಡಿತ ಫಾಬ್ರ್ ಅವರ ಮನೆಗೆ ಹೋಗಿ, ಒಂದು ಗೂಡು ತೋರಿಸಿ ಅಂದರು. ಕೈಗೆ ತೆಗೆದುಕೊಂಡರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಲೊಡಲೊಡ ಅನ್ನುತ್ತದಲ್ಲ, ಒಳಗೆ ಏನಾದರೂ ಇದೆಯೇ ಅಂತ ಬೆರಗಾಗಿ ಕೇಳಿದರಂತೆ. ಪ್ಯೂಪಾ ಅಂದರೆ ಏನು ಅಂತಲೂ ಅವರಿಗೆ ಆಗ ಗೊತ್ತಿರಲಿಲ್ಲ!